ಅದ್ಭುತಕಥಾಮಾಲೆಯಲ್ಲಿ ದ್ವಿತೀಯ ಸಂಪುಟದ ಸ್ಥಾನ

ಹಲವು ಸಂಪುಟಗಳಲ್ಲಿ ಹಬ್ಬಿದ ಅದ್ಭುತಕಥೆಯ ಎರಡನೆಯ ಸಂಪುಟಕ್ಕೆ ಸಲ್ಲತಕ್ಕ ನ್ಯಾಯವು ಸಲ್ಲುವದು ವಿರಳ. ಮೊದಲನೆಯದರಲ್ಲಿ ಅಪೂರ್ವಲೋಕದ ಪ್ರಥಮದರ್ಶನದ ವಿಸ್ಮಯವುಂಟು. ಕಡೆಯದರಲ್ಲಿ ಫಲಪ್ರಾಪ್ತಿಯ ತೃಪ್ತಿಯುಂಟು. ಎರಡನೆಯದಾದರೋ ಮೊದಲಿನದರ ಪುನರುಕ್ತಿಯೆಂದು ಸುಲಭವಾಗಿ ತಳ್ಳಲ್ಪಡುವದು. ಜೆ. ಕೆ. ರೌಲಿಂಗ್ ಎಂಬ ಆಂಗ್ಲ ಲೇಖಿಕೆಯು 1997ರಿಂದ 2007ರ ವರೆಗೆ ಏಳು ಸಂಪುಟಗಳಲ್ಲಿ ತರುಣರಿಗಾಗಿ ರಚಿಸಿದ ಹ್ಯಾರಿ ಪಾಟರನ ಕಥಾಮಾಲೆಯೊಳಗೆ 1998ರಲ್ಲಿ ಪ್ರಕಟವಾದ ‘ಚೇಂಬರ್ ಆಫ್ ಸೀಕ್ರೆಟ್ಸ್’, ಎಂದರೆ ‘ರಹಸ್ಯಗಳ ಕೋಣೆ’ಯು, ಈ ಆಕ್ಷೇಪವನ್ನು ಪರೀಕ್ಷಿಸುವದಕ್ಕೆ ತಕ್ಕ ಗ್ರಂಥವಾಗಿದೆ.

ಕಥೆಯೊಂದು ಎರಡನೆಯ ಭಾಗಕ್ಕೆ ಮುಂದುವರಿಯುವದು ಭಾರತೀಯ ಸಹೃದಯರಿಗೆ ಹೊಸದಲ್ಲ. ಬಾಣಭಟ್ಟನ ‘ಕಾದಂಬರಿ’ಯು ಅವನ ಮರಣದಿಂದ ನಡುವೆಯೇ ನಿಲ್ಲಲು, ಅವನ ಮಗನು ಉತ್ತರಭಾಗವನ್ನು ರಚಿಸಿದನು. ಕಥೆಯು ಮುಗಿಯಲಿಲ್ಲವೆಂಬ ಸಜ್ಜನರ ದುಃಖವನ್ನು ಕಂಡು ಈ ಕಾರ್ಯಕ್ಕೆ ಕೈಯಿಕ್ಕಿದೆನಲ್ಲದೆ ಕವಿತ್ವದ ದರ್ಪದಿಂದಲ್ಲವೆಂದೂ, ತಂದೆಯು ಬಿತ್ತಿದ ಬೀಜಗಳ ಫಲವನ್ನೇ ಕೂಡಿಸಿದೆನೆಂದೂ ಆತನು ವಿನಯದಿಂದ ಹೇಳಿಕೊಂಡಿರುವನು. ಆ ಎರಡೂ ಭಾಗಗಳನ್ನು ನಾಗವರ್ಮನು ಹತ್ತನೆಯ ಶತಮಾನದ ಕೊನೆಯಲ್ಲಿ ಕನ್ನಡ ಚಂಪುವಾಗಿಸಿದನು. ಆದರೆ ಬಾಣತನಯನ ಉತ್ತರಭಾಗವು ಸುಗ್ಗಿ. ಅದು ನಿರ್ವಹಣದ ಗ್ರಂಥ. ಏಳು ಸಂಪುಟಗಳ ಮಾಲೆಯಲ್ಲಿ ಎರಡನೆಯದು ಸುಗ್ಗಿಯಾಗಲಾರದು. ಹಾಗಾದರೆ ಅದರ ಧರ್ಮವೇನು?

ಭರತಮುನಿಯು ಪಂಚಸಂಧಿಗಳನ್ನು ಹೇಳುವಾಗ ಮುಖಸಂಧಿಯ ತರುವಾಯ ಪ್ರತಿಮುಖವನ್ನಿಡುವನು. ಅಲ್ಲಿ ಬೀಜವು ಒಮ್ಮೆ ಕಂಡು ಮರಳಿ ಮರೆಯಾದಂತಾಗುವದು. ಇದಕ್ಕೆ ‘ದೃಷ್ಟನಷ್ಟ’ವೆಂದು ಹೆಸರು. ದ್ವಿತೀಯ ಸಂಪುಟದ ಧರ್ಮವು ಇದೇ. ಈ ಲಕ್ಷಣವು ನಾಟಕಕ್ಕೆ ವಿಹಿತವಾದದ್ದು, ಇಲ್ಲಿಯಾದರೆ ಪ್ರತಿಯೊಂದು ಸಂಪುಟವೂ ತನ್ನಷ್ಟಕ್ಕೆ ಮುಗಿಯುವ ಕಥೆಯಲ್ಲವೇ ಎಂದು ಶಂಕಿಸಬಹುದು. ಸಂಪುಟದ ಕಥೆಯು ಮುಗಿಯುವದು ನಿಜ; ಮಾಲೆಯ ಬೀಜವು ಮುಗಿಯುವದಿಲ್ಲ.

ಪ್ರಮಾಣಗಳನ್ನು ನೋಡೋಣ. ಮೊದಲನೆಯ ಸಂಪುಟದಲ್ಲಿ ಬಾಲಕನು ಮೃಗಾಲಯದ ಹಾವಿನೊಡನೆ ಮಾತಾಡುವದು ಒಂದು ವಿನೋದ ಮಾತ್ರ. ಎರಡನೆಯದರಲ್ಲಿ ಆ ಶಕ್ತಿಯೇ ಅವನನ್ನು ಸಹಪಾಠಿಗಳ ಸಂದೇಹಕ್ಕೆ ಗುರಿಮಾಡುವದು; ಅದರ ಪೂರ್ಣಾರ್ಥವು ತೆರೆಯುವದು ಏಳನೆಯ ಸಂಪುಟದಲ್ಲಿ. ಇನ್ನು ಟಾಮ್ ರಿಡಲ್ ಎಂಬವನ ದಿನಚರಿಯ ಪುಸ್ತಕ: ಮಹಾಸರ್ಪದ ಹಲ್ಲಿನಿಂದ ಚುಚ್ಚಲ್ಪಟ್ಟು ಅದು ನಾಶವಾದಾಗ ಓದುಗನು ಪ್ರಸಂಗವು ಮುಗಿಯಿತೆಂದೇ ಬಗೆಯುವನು. ಪ್ರತಿನಾಯಕನು ಮೃತ್ಯುವನ್ನು ಗೆಲ್ಲಲೆಳಸಿ ತನ್ನ ಆತ್ಮದ ಖಂಡವೊಂದನ್ನು ಅದರಲ್ಲಿರಿಸಿದ್ದನೆಂಬುದು ತಿಳಿಯುವದು 2005ರ ಆರನೆಯ ಸಂಪುಟದಲ್ಲಿ. ಏಳು ಸಮುದ್ರಗಳಾಚೆಯ ಗಿಳಿಯಲ್ಲಿ ಪ್ರಾಣವನ್ನಡಗಿಸಿದ ರಾಕ್ಷಸನ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿ ಬಲ್ಲ ಕನ್ನಡ ಬಾಲಕನಿಗೆ ಈ ಬೀಜದ ಜಾತಿಯು ಅಪರಿಚಿತವಲ್ಲ.

ವಿಭಾವವು ದೇಶಭೇದದಿಂದ ಬೇರೆಯಾಗುವದನ್ನೂ ಇಲ್ಲಿ ಗಮನಿಸತಕ್ಕದ್ದು. ಆ ಮಾಂತ್ರಿಕಶಾಲೆಯಲ್ಲಿ ಸರ್ಪಭಾಷೆಯು ದುಷ್ಟತೆಯ ಚಿಹ್ನೆ. ಕುಂದಗೋಳ ತಾಲೂಕಿನ ಸಂಶಿಯಂಥ ಊರಿನ ಹುಡುಗನಾದರೋ ನಾಗರ ಪಂಚಮಿಯಲ್ಲಿ ನಾಗಪ್ಪನಿಗೆ ಹಾಲೆರೆಯುವದನ್ನು ನೋಡಿ ಬೆಳೆದವನು; ಹಾವಿನಲ್ಲಿ ಅವನಿಗೆ ಭಯವೂ ಭಕ್ತಿಯೂ ಒಟ್ಟಿಗಿರುವವು. ಆದುದರಿಂದ ನಾಯಕನ ಮೇಲಿನ ಶಂಕೆಯು ಅವನಲ್ಲಿ ಅಷ್ಟಾಗಿ ಬೇರೂರದು. ಅದರ ಬದಲು ಅನ್ಯಾಯವಾಗಿ ದೂಷಿತನಾದವನ ವಿಷಯದಲ್ಲಿ ಕರುಣೆಯು ಮೊದಲೇ ಹುಟ್ಟುವದು. ಇದು ತಪ್ಪು ವಾಚನವಲ್ಲ, ಬೇರೆ ಸಂಸ್ಕಾರದ ವಾಚನ.

ಗ್ರಂಥದ ಹೃದಯವಾದರೋ ಸರ್ಪದಲ್ಲಿಲ್ಲ, ಪುಸ್ತಕಗಳಲ್ಲಿದೆ. ಲಾಕ್‌ಹಾರ್ಟನೆಂಬ ಅಧ್ಯಾಪಕನು ಅನ್ಯರ ಸಾಹಸಗಳನ್ನು ತನ್ನವೆಂದು ಬರೆದು ಅವರ ನೆನಪನ್ನೇ ಅಳಿಸಿದವನು. ಅವನ ಮುದ್ರಿತ ಗ್ರಂಥಗಳು ಸುಳ್ಳಾಡುವವು. ರಿಡಲನ ದಿನಚರಿಯು ಬರೆದವರಿಗೆ ಮರುನುಡಿದು ಅವರ ಮನಸ್ಸನ್ನೇ ಕುಡಿಯುವದು. ಮೊದಲನೆಯದು ಹಾಸ್ಯ, ಎರಡನೆಯದು ಭಯಾನಕ. ಎರಡರ ಮೂಲವೂ ಕರ್ತೃವನ್ನರಿಯದೆ ನಂಬಿದ ವಾಚಕನ ಮುಗ್ಧತೆ. ದಿನಚರಿಗೆ ಬಲಿಯಾಗುವವಳು ಹನ್ನೊಂದು ವಯಸ್ಸಿನ ಜಿನ್ನಿ. ಆಕೆ ಏನು ಬರೆಯುತ್ತಿರುವಳೆಂದು ಹಿರಿಯರಾರೂ ಕೇಳರು. ಆಕೆಯೇ ಹೇಳಹೊರಟಾಗ ಅಣ್ಣನೊಬ್ಬನು ಅಡ್ಡಬರುವನು. ಮೊದಲನೆಯ ಸಂಪುಟದಲ್ಲಿ ಆಶ್ರಯವೆನಿಸಿದ ಶಾಲೆಯೇ ಇಲ್ಲಿ ಅಪಾಯದ ಮನೆಯಾಗುವದು. ಇದು ಪುನರುಕ್ತಿಯಲ್ಲ, ಮೊದಲಿನ ವಿಸ್ಮಯದ ಪರೀಕ್ಷೆ.

ದೋಷಗಳೂ ಇಲ್ಲದಿಲ್ಲ. ಆರಂಭದ ಅಧ್ಯಾಯಗಳಲ್ಲಿ ಪೂರ್ವಕಥೆಯ ಜ್ಞಾಪನವು ಪ್ರವಾಹವನ್ನು ತಡೆಯುವದು. ಗ್ರಂಥಾಲಯದ ಒಂದು ಪುಟದಿಂದ ಸರ್ಪದ ರಹಸ್ಯವನ್ನು ಭೇದಿಸಿದ ಹರ್ಮಯನಿಯು ಜಡಳಾಗಿ ಬಿದ್ದು ಅಂತಿಮಸಂಘರ್ಷದಿಂದ ದೂರವುಳಿಯುವಳು. ಬುದ್ಧಿಗೆ ಸಲ್ಲಬೇಕಾದ ಸ್ಥಾನವು ಖಡ್ಗಕ್ಕೆ ಸಲ್ಲುವದು. ಕೊನೆಯಲ್ಲಿ ವೃದ್ಧಗುರುವು ಅರ್ಥವನ್ನು ಬಿಡಿಸಿ ಹೇಳುವ ಕ್ರಮವು ಮೊದಲನೆಯ ಸಂಪುಟದ ಅಚ್ಚಿನಲ್ಲೇ ಎರಕವಾದದ್ದು. ಪುನರುಕ್ತಿಯ ಆಕ್ಷೇಪವು ಈ ಸ್ಥಳಗಳಲ್ಲಿ ಮಾತ್ರ ನಿಲ್ಲಬಲ್ಲದು.

ಮೊದಲನೆಯದು ದೊರೆಯದೆ ಎರಡನೆಯ ಸಂಪುಟವೇ ಮೊದಲು ಕೈಸೇರಿದ ವಿದ್ಯಾರ್ಥಿಯನ್ನು ಅಧ್ಯಾಪಕರು ತಡೆಯಬೇಕಾಗಿಲ್ಲ. ಕಥೆಯಲ್ಲಿ ಏನಾಯಿತೆಂದು ಕೇಳಿ ಸುಮ್ಮನಾಗದೆ, ಯಾವ ವಸ್ತುವು ಕಂಡು ಮರೆಯಾಯಿತೆಂದೂ, ಯಾವ ಬರಹವನ್ನು ಯಾರು ಏಕೆ ನಂಬಿದರೆಂದೂ ಕೇಳಿದರೆ ಸಾಕು. ಬಾಲಸಾಹಿತ್ಯವೆಂದು ಉಪೇಕ್ಷಿಸಲ್ಪಡುವ ಗ್ರಂಥದಲ್ಲಿ ಸಂಧಿವಿಚಾರಕ್ಕೂ ವಾಚನವಿವೇಕಕ್ಕೂ ಇಷ್ಟು ಅವಕಾಶವಿರುವಾಗ ಅದನ್ನು ಪಾಠಶಾಲೆಯ ಹೊರಗೆ ನಿಲ್ಲಿಸುವದು ಉಚಿತವಲ್ಲ. ಮಕ್ಕಳು ಏನು ಓದುವರು, ಏನು ಬರೆಯುವರು ಎಂಬುದನ್ನು ಹಿರಿಯರು ವಿಚಾರಿಸದಿದ್ದರೆ ಆಗುವ ಅನರ್ಥವನ್ನು ಆ ಗ್ರಂಥವೇ ತೋರಿಸಿಕೊಟ್ಟಿರುವದು.