ಬಾರ್ಬಿ ಚಿತ್ರಗಳು: ಬೆಳಕು ಬೆಳೆಯಿತು, ಜೀವ ಬಂತೇ?

ಬಾರ್ಬಿ ಎಂಬ ಉಡುಪಿನ ಗೊಂಬೆ ನಿಮಗೆ ಪರಿಚಿತವೇ ಇರಬೇಕು. ಅಮೆರಿಕದ ಮ್ಯಾಟೆಲ್ ಕಂಪನಿಯ ರೂತ್ ಹ್ಯಾಂಡ್ಲರ್ ಇದನ್ನು 1959ರ ಮಾರ್ಚ್ 9ರಂದು ನ್ಯೂಯಾರ್ಕ್‌ನ ಆಟಿಕೆ ಮೇಳದಲ್ಲಿ ಮೊದಲು ತೋರಿಸಿದರು. ಎತ್ತರ ಸುಮಾರು 29 ಸೆಂ.ಮೀ. 2001ರಿಂದ ಈ ಗೊಂಬೆಯನ್ನು ನಾಯಕಿಯಾಗಿಸಿ ಗಣಕದಲ್ಲಿ ರಚಿಸಿದ ಅನಿಮೇಷನ್ ಚಿತ್ರಗಳು ಒಂದರ ಹಿಂದೊಂದು ಬಂದವು. ಮಕ್ಕಳು ಅವನ್ನು ಮತ್ತೆ ಮತ್ತೆ ನೋಡುತ್ತಾರೆ. ದೊಡ್ಡವರು ಮಾತ್ರ ಇವು ವಿಮರ್ಶೆಗೆ ಯೋಗ್ಯವಲ್ಲವೆಂದು ಕೈಬಿಡುತ್ತಾರೆ.

ವಿಜ್ಞಾನದ ವಿದ್ಯಾರ್ಥಿ ಹಾಗೆ ಕೈಬಿಡಬೇಕಾಗಿಲ್ಲ. ಪ್ರಯೋಗದಲ್ಲಿ ಒಂದು ಅಂಶವನ್ನು ಸ್ಥಿರವಾಗಿಟ್ಟು ಉಳಿದವು ಹೇಗೆ ಬದಲಾಗುತ್ತವೆಂದು ನೋಡುತ್ತೇವಲ್ಲವೆ? ಈ ಚಿತ್ರಮಾಲೆಯಲ್ಲಿ ನಾಯಕಿ ಬಹುಮಟ್ಟಿಗೆ ಒಬ್ಬಳೇ, ಮೈಕಟ್ಟೂ ಹೆಚ್ಚುಕಡಿಮೆ ಒಂದೇ. ಬದಲಾದದ್ದು ಬೆಳಕು, ಕೂದಲು, ಬಟ್ಟೆ, ಚಲನೆ. ಆದ್ದರಿಂದ ಗಣಕಚಿತ್ರಕಲೆ ಎರಡು ದಶಕಗಳಲ್ಲಿ ಏನು ಕಲಿಯಿತು, ಏನನ್ನು ಕಲಿಯಲಿಲ್ಲ ಎಂಬುದನ್ನು ಅಳೆಯಲು ಇದು ಒಳ್ಳೆಯ ಮಾದರಿ. ಅಳೆಯಲು ಒಂದು ಮಾನದಂಡವೂ ಬೇಕು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸುತ್ತಲಿನ ನಮಗೆ ಅದು ದೂರದಲ್ಲಿಲ್ಲ. ಬಳ್ಳಾರಿ ಸೀಮೆಯ ತೊಗಲುಗೊಂಬೆಯೂ ಪರದೆಯ ಮೇಲೆ ಚಲಿಸುವ ಗೊಂಬೆಯೇ.

ಸೂಜಿರಂಧ್ರದ ಲೆಕ್ಕ

ಗಣಕಚಿತ್ರದಲ್ಲಿ ನಿಜವಾದ ಕ್ಯಾಮೆರಾ ಇರುವುದಿಲ್ಲ. ಇರುವುದು ಒಂದು ಬಿಂದು ಮತ್ತು ಒಂದು ಸಮತಲ. ದೃಶ್ಯದ ಪ್ರತಿ ಬಿಂದುವಿನಿಂದ ಆ ಒಂದು ಬಿಂದುವಿಗೆ ಸರಳರೇಖೆ ಎಳೆದು, ಅದು ಸಮತಲವನ್ನು ಎಲ್ಲಿ ಮುಟ್ಟುತ್ತದೆಂದು ಲೆಕ್ಕ ಹಾಕಲಾಗುತ್ತದೆ. ಇದು ಸೂಜಿರಂಧ್ರ ಕ್ಯಾಮೆರಾದ ಗಣಿತ. ಹಂಪಿಯ ವಿರೂಪಾಕ್ಷ ದೇವಾಲಯಕ್ಕೆ ಹೋದವರು ಇದನ್ನು ಕಣ್ಣಾರೆ ನೋಡಿರುತ್ತಾರೆ. ದೇವಾಲಯದ ಹಿಂಭಾಗದ ಒಂದು ಕತ್ತಲೆ ಮಂಟಪದಲ್ಲಿ, ಸಣ್ಣ ಕಂಡಿಯ ಮೂಲಕ ಬಂದ ಬೆಳಕು ಸುಮಾರು 50 ಮೀಟರ್ ಎತ್ತರದ ರಾಜಗೋಪುರದ ತಲೆಕೆಳಗಾದ ಬಿಂಬವನ್ನು ಗೋಡೆಯ ಮೇಲೆ ಮೂಡಿಸುತ್ತದೆ.

ಲೆಕ್ಕಕ್ಕಾಗಿ ಕಂಡಿಯಿಂದ ಗೋಪುರ 100 ಮೀಟರ್ ದೂರದಲ್ಲಿದೆ, ಗೋಡೆ 4 ಮೀಟರ್ ಹಿಂದಿದೆ ಎಂದು ಭಾವಿಸಿ. ಸಮರೂಪ ತ್ರಿಭುಜಗಳ ನಿಯಮದಂತೆ ಬಿಂಬದ ಎತ್ತರ 50 × 4 ÷ 100, ಅಂದರೆ 2 ಮೀಟರ್. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು. 75 ನಿಮಿಷದ ಚಿತ್ರಕ್ಕೆ 75 × 60 × 24 = 1,08,000 ಚೌಕಟ್ಟುಗಳು. ಪ್ರತಿಯೊಂದರಲ್ಲೂ ಲಕ್ಷಾಂತರ ಬಿಂದುಗಳಿಗೆ ಗಣಕ ಇದೇ ಲೆಕ್ಕವನ್ನು ಮಾಡುತ್ತದೆ. ಬಾರ್ಬಿಯ ಮೊದಲ ಚಿತ್ರದಿಂದ ಇಂದಿನ ಚಿತ್ರದವರೆಗೆ ಈ ಭಾಗ ಬದಲಾಗಿಲ್ಲ. ಬದಲಾದದ್ದು, ಆ ಬಿಂದುವಿಗೆ ಯಾವ ಬಣ್ಣ ಕೊಡಬೇಕೆಂಬ ತೀರ್ಮಾನ.

ಮೇಲ್ಮೈಯ ಬೆಳಕು, ಒಳಹೊಕ್ಕ ಬೆಳಕು

1975ರಲ್ಲಿ ವಿಯೆಟ್ನಾಂ ಮೂಲದ ಬುಯಿ ತುವಾಂಗ್ ಫಾಂಗ್ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ರೂಪಿಸಿದ್ದ ಒಂದು ಸರಳ ಸೂತ್ರವನ್ನು ಪ್ರಕಟಿಸಿದರು. ವಸ್ತುವಿನ ಬಣ್ಣ ಎಲ್ಲ ದಿಕ್ಕಿಗೂ ಚದುರುವ ಒಂದು ಪಾಲು, ಕನ್ನಡಿಯಂತೆ ಹೊಳೆಯುವ ಇನ್ನೊಂದು ಪಾಲು. ಎರಡನ್ನೂ ಕೂಡಿಸಿದರೆ ನಂಬುವಂಥ ಮೇಲ್ಮೈ ಸಿಗುತ್ತದೆ. ಸೂತ್ರ ಅಗ್ಗ, ವೇಗವೂ ಹೆಚ್ಚು. ದೋಷ ಒಂದೇ: ಅದರಿಂದ ಬರೆದದ್ದೆಲ್ಲ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಪೂರ್ತಿಯಾಗಿ ಗಣಕದಲ್ಲೇ ತಯಾರಾದ ಮೊದಲ ಕಥಾಚಿತ್ರ ‘ಟಾಯ್ ಸ್ಟೋರಿ’ (1995) ಆಟಿಕೆಗಳ ಕಥೆಯಾದದ್ದು ಜಾಣತನ. ಅಂದಿನ ಗಣಕಕ್ಕೆ ಚೆನ್ನಾಗಿ ಬರುತ್ತಿದ್ದುದು ಪ್ಲಾಸ್ಟಿಕ್ಕೇ.

ಹಾಗಿದ್ದರೆ ಪ್ಲಾಸ್ಟಿಕ್ ಗೊಂಬೆಯಾದ ಬಾರ್ಬಿಗೆ ಗಣಕ ತವರುಮನೆಯಾಗಬೇಕಿತ್ತು. ಆದರೆ 2001ರ ‘ಬಾರ್ಬಿ ಇನ್ ದ ನಟ್‌ಕ್ರ್ಯಾಕರ್’ ಆ ದಾರಿ ಹಿಡಿಯಲಿಲ್ಲ. ಕೆನಡಾದ ವ್ಯಾಂಕೂವರ್‌ನ ಮೇನ್‌ಫ್ರೇಮ್ ಸಂಸ್ಥೆ ಇದನ್ನು ತಯಾರಿಸಿತು. 1994ರಲ್ಲಿ ‘ರೀಬೂಟ್’ ಎಂಬ ಗಣಕನಿರ್ಮಿತ ದೂರದರ್ಶನ ಸರಣಿ ಮಾಡಿ ಹೆಸರಾಗಿದ್ದ ಸಂಸ್ಥೆಯದು. ಚಿತ್ರದಲ್ಲಿ ಬಾರ್ಬಿ ಕ್ಲಾರಾ ಎಂಬ ಹುಡುಗಿಯ ಪಾತ್ರ ವಹಿಸುತ್ತಾಳೆ. ಇಲಿಗಳ ರಾಜ ಮಾಟದಿಂದ ಅವಳನ್ನು ಆಟಿಕೆಯ ಗಾತ್ರಕ್ಕೆ ಕುಗ್ಗಿಸುತ್ತಾನೆ. ಗೊಂಬೆ ಹುಡುಗಿಯಾಗಿ, ಹುಡುಗಿ ಮತ್ತೆ ಗೊಂಬೆಯಷ್ಟಾಗುವ ಈ ಕಥೆಯಲ್ಲಿ ಎಷ್ಟೊಂದು ಅವಕಾಶವಿತ್ತು! ಚಿತ್ರ ಅದನ್ನು ಗಮನಿಸುವುದೇ ಇಲ್ಲ. ಕ್ಲಾರಾಳ ಕೆನ್ನೆ ಪ್ಲಾಸ್ಟಿಕ್ಕಿನಂತೆಯೇ ಹೊಳೆಯುತ್ತದೆ, ಆದರೆ ಅದು ಚರ್ಮವೆಂದು ನಾವು ನಂಬಬೇಕಾಗುತ್ತದೆ.

ಚರ್ಮ ಏಕೆ ಕಷ್ಟ? ಕತ್ತಲೆಯಲ್ಲಿ ಟಾರ್ಚಿನ ಮೇಲೆ ಬೆರಳಿಟ್ಟು ನೋಡಿ. ಬೆರಳು ಕೆಂಪಗೆ ಬೆಳಗುತ್ತದೆ. ಬೆಳಕು ಚರ್ಮದ ಮೇಲೆ ಬಿದ್ದು ಅಲ್ಲಿಂದಲೇ ಹಿಂತಿರುಗುವುದಿಲ್ಲ. ಒಳಹೊಕ್ಕು, ಹಲವು ಸಲ ಚದುರಿ, ಬೇರೊಂದು ಕಡೆಯಿಂದ ಹೊರಬರುತ್ತದೆ. ಇದನ್ನು ಗಣಕದಲ್ಲಿ ಬೇಗ ಲೆಕ್ಕ ಹಾಕುವ ಪ್ರಾಯೋಗಿಕ ವಿಧಾನವನ್ನು ಹೆನ್ರಿಕ್ ವಾನ್ ಜೆನ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ್ದು 2001ರಲ್ಲಿ, ಅಂದರೆ ಬಾರ್ಬಿಯ ಮೊದಲ ಚಿತ್ರ ಬಂದ ವರ್ಷವೇ. ಮುಂದಿನ ವರ್ಷಗಳ ಬಾರ್ಬಿ ಚಿತ್ರಗಳಲ್ಲಿ ಮುಖದ ಮೇಲಿನ ಬೆಳಕು ಮೃದುವಾಗುತ್ತ ಹೋದುದನ್ನು ನೀವು ಗುರುತಿಸಬಹುದು.

ಈಗ ತೊಗಲುಗೊಂಬೆಯನ್ನು ನೆನೆಯಿರಿ. ಆಡಿನ ಅಥವಾ ಜಿಂಕೆಯ ತೊಗಲನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಬಣ್ಣ ಹಚ್ಚಿ, ಒಡವೆ ಅಂಚುಗಳಿಗೆ ಸಣ್ಣ ರಂಧ್ರಗಳನ್ನು ಕೊರೆಯುತ್ತಾರೆ. ದೀಪ ಪರದೆಯ ಹಿಂದೆ. ಗೊಂಬೆ ದೀಪಕ್ಕೂ ಪರದೆಗೂ ನಡುವೆ. ಹೀಗಾಗಿ ನಾವು ಕಾಣುವುದು ಬರಿಯ ಕಪ್ಪು ನೆರಳಲ್ಲ, ತೊಗಲನ್ನು ಹಾಯ್ದು ಬಂದ ಬಣ್ಣದ ಬೆಳಕು. ಗಣಕಶಾಸ್ತ್ರ ಬಹುಕಾಲ ಹೆಣಗಿ ಸಾಧಿಸಿದ ಭೌತವಿದ್ಯಮಾನವೇ ಇಲ್ಲಿ ದೀಪ ಹಚ್ಚಿದೊಡನೆ ನಡೆಯುತ್ತದೆ. ಆದರೂ ಆ ತೊಗಲು ತಾನು ಮನುಷ್ಯಚರ್ಮವೆಂದು ನಟಿಸುವುದಿಲ್ಲ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ.

ಕೂದಲು, ಬಟ್ಟೆ, ಕನ್ನಡಿ

ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿವೆ. ಒಂದೊಂದನ್ನೂ ಬಾಗುವ, ಒಂದಕ್ಕೊಂದು ತಾಗುವ ಎಳೆಯಾಗಿ ಲೆಕ್ಕ ಹಾಕುವುದು ದುಬಾರಿ. 2002ರ ‘ಬಾರ್ಬಿ ಆಸ್ ರಪುಂಜೆಲ್’ ಉದ್ದ ಜಡೆಯ ಹುಡುಗಿಯ ಕಥೆ. ಅಲ್ಲಿ ಕೂದಲು ಎಳೆಗಳ ರಾಶಿಯಾಗಿರದೆ ದಪ್ಪ ಪಟ್ಟಿಗಳಂತೆ ಚಲಿಸುತ್ತದೆ. ಇದೇ ಕಥೆಯನ್ನು ಡಿಸ್ನಿ ಸಂಸ್ಥೆ 2010ರಲ್ಲಿ ‘ಟ್ಯಾಂಗಲ್ಡ್’ ಎಂದು ಮಾಡಿದಾಗಿನ ಕೂದಲನ್ನು ಪಕ್ಕದಲ್ಲಿಟ್ಟು ನೋಡಿದರೆ ಎಂಟು ವರ್ಷಗಳ ಪ್ರಗತಿಯ ಜೊತೆಗೆ ಎರಡು ಸಂಸ್ಥೆಗಳ ಖರ್ಚಿನ ಅಂತರವೂ ಕಣ್ಣಿಗೆ ಬೀಳುತ್ತದೆ. ಅದೇ 2010ರ ‘ಎ ಫ್ಯಾಷನ್ ಫೇರಿಟೇಲ್’ ಹೊತ್ತಿಗೆ ಬಾರ್ಬಿ ಚಿತ್ರಗಳಲ್ಲೂ ಬಟ್ಟೆ ಮಡಿಕೆ ಬೀಳಲು, ಮಿನುಗಲು ಕಲಿತಿತ್ತು. ಆ ಚಿತ್ರದ ಕಥಾವಸ್ತುವೇ ಪ್ಯಾರಿಸ್ಸಿನ ಒಂದು ಉಡುಪಿನ ಮಳಿಗೆ.

ಇಲ್ಲಿ ಒಂದು ಪ್ರಶ್ನೆ ಕೇಳಬೇಕು. ಲೆಕ್ಕದ ಶಕ್ತಿ ಹೆಚ್ಚಾದಾಗ ಅದನ್ನು ಯಾವುದರ ಮೇಲೆ ಖರ್ಚು ಮಾಡಲಾಯಿತು? ಬಟ್ಟೆ ಮತ್ತು ಕೂದಲಿನ ಮೇಲೆ. ಅಂಗಡಿಯಲ್ಲಿ ಮಾರಾಟವಾಗುವುದೂ ಅವೇ. ಒಂದು ದೇಹ, ನೂರು ಉಡುಪು ಎಂಬುದು ಉಡುಪಿನ ಗೊಂಬೆಯ ವ್ಯಾಪಾರಸೂತ್ರ. ಒಂದೇ ಮಾದರಿದೇಹಕ್ಕೆ ಬೇರೆ ಬೇರೆ ಬಣ್ಣ ಹೊದಿಸುವುದು ಗಣಕಕ್ಕೂ ಅಗ್ಗ. ಎರಡೂ ಸೇರಿದಾಗ ಏನಾಗುತ್ತದೆಂಬುದನ್ನು 2006ರ ‘ದ ಟ್ವೆಲ್ವ್ ಡಾನ್ಸಿಂಗ್ ಪ್ರಿನ್ಸೆಸಸ್’ ಚಿತ್ರದಲ್ಲಿ ನೋಡಿ. ದೊಡ್ಡ ರಾಜಕುಮಾರಿಯರನ್ನು ಗುರುತಿಸಲು ಕೂದಲು ಮತ್ತು ಉಡುಪಿನ ಬಣ್ಣವೇ ಮುಖ್ಯ ಆಧಾರ. ಮೈಕಟ್ಟು ಬಹುಮಟ್ಟಿಗೆ ಒಂದೇ. ತೊಗಲುಗೊಂಬೆಯವರ ಪದ್ಧತಿ ಬೇರೆ. ಒಂದೇ ಪಾತ್ರಕ್ಕೆ ಸನ್ನಿವೇಶಕ್ಕೆ ತಕ್ಕಂತೆ ಬೇರೆ ಬೇರೆ ಗೊಂಬೆ. ಹನುಮಂತನಿಗೇ ಹಲವು ಗೊಂಬೆಗಳಿರುತ್ತವೆ. ರಾಜನ ಗೊಂಬೆ ದೊಡ್ಡದು, ಸೇವಕನದು ಚಿಕ್ಕದು. ಈ ಪ್ರಮಾಣವೂ ಸಮಾಜದ ಏಣಿಯನ್ನೇ ತೋರಿಸುತ್ತದೆ, ನಿಜ, ಅದನ್ನೂ ವಿಮರ್ಶಿಸಬೇಕು. ಆದರೆ ಅಲ್ಲಿ ದೇಹವೇ ಕಥೆ ಹೇಳುತ್ತದೆ, ಉಡುಪಲ್ಲ.

ಉಡುಪೇ ವಿಷಯವಾದರೆ ಸಂಡೂರಿನ ಲಂಬಾಣಿ ಕಸೂತಿಯನ್ನು ಗಣಕಕ್ಕೆ ಸವಾಲಾಗಿ ಒಡ್ಡಬಹುದು. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕಲೆಯಿದು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದೊಂದಿಗೆ ದುಡಿಯುವ ಲಂಬಾಣಿ ಮಹಿಳೆಯರ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಲಂಬಾಣಿ ಉಡುಪಿನಲ್ಲಿ ಹೊಲಿದ ಪ್ರತಿ ಕನ್ನಡಿ ಚೂರೂ ಒಂದು ಸಮತಲ ದರ್ಪಣ. ಬಟ್ಟೆ ಮಡಿಚಿದಂತೆ ಪ್ರತಿ ಚೂರಿನ ಕೋನ ಬೇರೆ, ಅದರಲ್ಲಿ ಕಾಣುವ ಬಿಂಬ ಬೇರೆ. ಟರ್ನರ್ ವಿಟ್ಟೆಡ್ 1980ರಲ್ಲಿ ವಿವರಿಸಿದ ಕಿರಣ ಹಿಂಬಾಲಿಸುವ ವಿಧಾನದಿಂದ ಇದನ್ನು ಲೆಕ್ಕ ಹಾಕಬಹುದು. ಚಿತ್ರದ ತುಂಬ ಚೆಲ್ಲಿದ ಮಿನುಗು ಚುಕ್ಕೆಗಳಿಗಿಂತ ಇಂಥ ಒಂದು ರವಿಕೆಯಲ್ಲಿ ಹೆಚ್ಚು ಭೌತಶಾಸ್ತ್ರವಿದೆ.

ಹೆಜ್ಜೆಯ ಲೆಕ್ಕ

ಮೊದಲ ಚಿತ್ರಗಳ ನಿಜವಾದ ಹೆಗ್ಗಳಿಕೆ ಇರುವುದು ನೃತ್ಯದಲ್ಲಿ. 2001ರ ‘ನಟ್‌ಕ್ರ್ಯಾಕರ್’, 2003ರ ‘ಸ್ವಾನ್ ಲೇಕ್’, 2006ರ ‘ಟ್ವೆಲ್ವ್ ಡಾನ್ಸಿಂಗ್ ಪ್ರಿನ್ಸೆಸಸ್’ ಮೂರರಲ್ಲೂ ಪೀಟರ್ ಮಾರ್ಟಿನ್ಸ್ ಸಂಯೋಜಿಸಿದ ನೃತ್ಯವನ್ನು ನ್ಯೂಯಾರ್ಕ್ ಸಿಟಿ ಬ್ಯಾಲೆಯ ಕಲಾವಿದರು ಆಡಿದರು. ಅವರ ಕೀಲುಗಳ ಚಲನೆಯನ್ನು ದಾಖಲಿಸಿ ಗೊಂಬೆಯ ದೇಹಕ್ಕೆ ಅಳವಡಿಸಲಾಯಿತು. ಇದಕ್ಕೆ ಚಲನಗ್ರಹಣ ಎನ್ನಬಹುದು.

ಇಲ್ಲಿಯೂ ಒಂದು ರೇಖಾಗಣಿತದ ತೊಡಕಿದೆ. ಹೆಜ್ಜೆ ಹಾಕುವಾಗ ಎರಡು ಕಾಲುಗಳ ನಡುವೆ 60 ಡಿಗ್ರಿ ಕೋನವಿದೆಯೆಂದು ಭಾವಿಸಿ. ಕಾಲುಗಳೆರಡೂ ಸಮ, ಆದ್ದರಿಂದ ಸಮಬಾಹು ತ್ರಿಭುಜ ಉಂಟಾಗಿ ಹೆಜ್ಜೆಯ ಉದ್ದ ಕಾಲಿನ ಉದ್ದಕ್ಕೆ ಸಮವಾಗುತ್ತದೆ. ನರ್ತಕಿಯ ಕಾಲು 90 ಸೆಂ.ಮೀ., ಅದೇ ಪ್ರಮಾಣದಲ್ಲಿ ಗೊಂಬೆಯ ನೀಳಕಾಲು 105 ಸೆಂ.ಮೀ. ಆದರೆ, ಅದೇ ಕೋನಕ್ಕೆ ಗೊಂಬೆಯ ಹೆಜ್ಜೆ 15 ಸೆಂ.ಮೀ. ಹೆಚ್ಚು ಉದ್ದ. ದೇಹದ ಮುನ್ನಡೆ ನರ್ತಕಿಯದೇ ಆಗಿ ಉಳಿದರೆ ಪಾದ ನೆಲದ ಮೇಲೆ ಜಾರಿದಂತೆ ಕಾಣುತ್ತದೆ. ಚಿತ್ರಕಾರರು ಇದನ್ನು ಚೌಕಟ್ಟು ಚೌಕಟ್ಟಾಗಿ ತಿದ್ದಬೇಕಾಗುತ್ತದೆ. ಇಷ್ಟಾದರೂ ಆ ನೃತ್ಯಗಳಲ್ಲಿ ತೂಕವಿದೆ, ಉಸಿರಿದೆ. ಅವು ಒಂದು ನಿಜವಾದ ದೇಹದ ಶ್ರಮದಿಂದ ಬಂದವು. ನೃತ್ಯ ಮುಗಿದು ಮಾತು ಶುರುವಾದೊಡನೆ ಅದೇ ಗೊಂಬೆ ಹಗುರವಾಗಿಬಿಡುತ್ತದೆ. ಕುಳಿತರೆ ಕುರ್ಚಿಗೆ ಭಾರವಿಲ್ಲ, ಎದ್ದರೆ ಮೊಣಕಾಲಿಗೆ ಶ್ರಮವಿಲ್ಲ.

ತೊಗಲುಗೊಂಬೆಗೆ ಕೀಲುಗಳು ಕೆಲವೇ. ಕೆಲವು ಗೊಂಬೆಗಳಿಗೆ ಅವೂ ಇಲ್ಲ. ಆದರೆ ಕಡ್ಡಿ ಹಿಡಿದ ಕೈ ಜೀವಂತ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು (ನಿಧನ 2023) ರಂಗಭೂಮಿಯಿಂದ ಈ ಕಲೆಗೆ ಬಂದು, ರಾಮಾಯಣದ ಪರದೆಯ ಮೇಲೆ ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ನಡೆಸಿದರು. ಆ ಗೊಂಬೆಗೆ ನಡಿಗೆ ಬರುವುದು ಕೈಯ ಲಯದಿಂದ. ಕಾಗದ ಕತ್ತರಿಸಿದ ನೆರಳುಚಿತ್ರಗಳಿಂದ ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ‘ಪ್ರಿನ್ಸ್ ಅಹ್ಮದ್’ನ ಸಾಹಸಗಳ ಪೂರ್ಣಾವಧಿ ಚಿತ್ರ ಮಾಡಿದಾಗಲೂ ತತ್ವ ಇದೇ ಆಗಿತ್ತು.

ಮುಖ ಮತ್ತು ಕಸಿವಿಸಿ

1970ರಲ್ಲಿ ಜಪಾನಿನ ರೋಬಾಟ್ ತಜ್ಞ ಮಸಾಹಿರೊ ಮೋರಿ ಒಂದು ವಿಷಯವನ್ನು ಗುರುತಿಸಿದರು. ಯಂತ್ರ ಮನುಷ್ಯನನ್ನು ಹೋಲುತ್ತ ಹೋದಂತೆ ನಮಗೆ ಪ್ರಿಯವಾಗುತ್ತದೆ. ತುಂಬ ಹತ್ತಿರ ಬಂದು ಸ್ವಲ್ಪವೇ ತಪ್ಪಿದಾಗ ಥಟ್ಟನೆ ಕಸಿವಿಸಿಯಾಗುತ್ತದೆ. ಬಾರ್ಬಿಯ ಮೊದಲ ದಶಕದ ಮುಖಗಳು ಈ ಕಣಿವೆಯ ಅಂಚಿನಲ್ಲೇ ನಡೆದವು: ಚರ್ಮ ಮೃದು, ಕಣ್ಣು ಮಾತ್ರ ಗಾಜು.

ಇದರಿಂದ ಹೊರಬರಲು ಎರಡು ದಾರಿಗಳು ಕಂಡವು. 2012ರಲ್ಲಿ ಆರಂಭವಾದ ‘ಲೈಫ್ ಇನ್ ದ ಡ್ರೀಮ್‌ಹೌಸ್’ ಕಿರುಸರಣಿಯಲ್ಲಿ ಪಾತ್ರಗಳು ತಾವು ಗೊಂಬೆಗಳೆಂದು ಒಪ್ಪಿಕೊಂಡವು. ಬಾಗದ ಕೀಲುಗಳೇ ನಗೆಗೆ ವಸ್ತುವಾದವು. 2010ರ ‘ಟಾಯ್ ಸ್ಟೋರಿ 3’ರಲ್ಲಿ ಬರುವ ಬಾರ್ಬಿಯೂ ಹೀಗೆಯೇ. ಎರಡನೆಯ ದಾರಿ 2018ರ ‘ಡ್ರೀಮ್‌ಹೌಸ್ ಅಡ್ವೆಂಚರ್ಸ್’ ಸರಣಿಯದು. ಅಲ್ಲಿ ಕಣ್ಣು, ತಲೆ ದೊಡ್ಡವಾಗಿ ಮುಖ ವ್ಯಂಗ್ಯಚಿತ್ರದತ್ತ ಸರಿಯಿತು. ಕಸಿವಿಸಿ ಹೋಯಿತು. ಜೊತೆಗೆ ಈ ಮುಖಕ್ಕಿದ್ದ ವಿಶೇಷವೂ ಹೋಗಿ, ಇತರ ಹತ್ತಾರು ಸರಣಿಗಳ ಮುಖದಂತೆ ಆಯಿತು.

ನನ್ನ ತೀರ್ಮಾನವಿಷ್ಟು. ಈ ಮಾಲೆಯಲ್ಲಿ ಉಳಿಯುವಂಥ ಭಾಗಗಳು ಎರಡು ಬಗೆಯವು: ನಿಜವಾದ ನರ್ತಕಿಯ ದೇಹದಿಂದ ಚಲನೆ ಪಡೆದವು, ಮತ್ತು ಗೊಂಬೆ ತನ್ನನ್ನು ಗೊಂಬೆಯೆಂದು ಒಪ್ಪಿಕೊಂಡವು. ಉಳಿದ ಕಡೆ ಬೆಳಕು ವರ್ಷ ವರ್ಷ ಸುಧಾರಿಸಿದರೂ ಜೀವ ಬರಲಿಲ್ಲ.

ತರಗತಿಯಲ್ಲಿ

ಇದು ಬರಿಯ ಕಲೆಯ ಪ್ರಶ್ನೆಯಲ್ಲ. ಮ್ಯಾಟೆಲ್ ಕಂಪನಿ ತನ್ನ ಮುಖ್ಯ ಗೊಂಬೆಗೆ ಎತ್ತರದ, ಕುಳ್ಳಗಿನ, ತುಂಬುಮೈಯ ಮಾದರಿಗಳನ್ನು ಸೇರಿಸಿದ್ದು 2016ರಲ್ಲಿ, ಅಂದರೆ 57 ವರ್ಷಗಳ ನಂತರ. ಅಷ್ಟರಲ್ಲಿ ಒಂದೇ ಮೈಕಟ್ಟು, ಒಂದೇ ಬಗೆಯ ಹೊಳೆಯುವ ಚರ್ಮ ಲಕ್ಷಗಟ್ಟಲೆ ಚೌಕಟ್ಟುಗಳಲ್ಲಿ ಮಕ್ಕಳ ಕಣ್ಣೆದುರು ಹಾದುಹೋಗಿತ್ತು. ಕಂಪ್ಲಿಯ ಹುಡುಗಿಯೊಬ್ಬಳು ಕನ್ನಡಿ ನೋಡಿಕೊಂಡು ತನ್ನಲ್ಲೇ ಏನೋ ಕೊರತೆಯೆಂದುಕೊಂಡರೆ, ಅವಳಿಗೆ ಉಪದೇಶಕ್ಕಿಂತ ಲೆಕ್ಕ ಹೆಚ್ಚು ಉಪಯುಕ್ತ. ಗೊಂಬೆಯನ್ನು ಮನುಷ್ಯನ ಆರನೆಯ ಒಂದರಷ್ಟು ಎಂದು ಪರಿಗಣಿಸುತ್ತಾರೆ. ಶಿಕ್ಷಕರೇ, ಒಂದು ಗೊಂಬೆಯ ಸೊಂಟ, ಕಾಲು, ಪಾದಗಳನ್ನು ದಾರದಿಂದ ಅಳೆಸಿ, ಆರರಿಂದ ಗುಣಿಸಿಸಿ. ಬಂದ ಅಳತೆಗಳನ್ನು ಕರಿಹಲಗೆಯ ಮೇಲೆ ಬರೆಸಿ. ಅಂಥ ದೇಹ ನಿಲ್ಲಬಲ್ಲದೇ ಎಂದು ಮಕ್ಕಳೇ ಚರ್ಚಿಸಲಿ.

ಮುಂದೆ ಚಿತ್ರದ ಒಂದು ದೃಶ್ಯವನ್ನು ನಿಲ್ಲಿಸಿ ಮೂರು ಪ್ರಶ್ನೆ ಕೇಳಿ. ನೆರಳು ಯಾವ ದಿಕ್ಕಿಗಿದೆ, ಬೆಳಕಿನ ಮೂಲಕ್ಕೆ ಹೊಂದುತ್ತದೆಯೇ? ಪಾದ ಜಾರುತ್ತಿದೆಯೇ? ಬಟ್ಟೆಯ ಮಡಿಕೆಗೆ ಕಾರಣ ಗುರುತ್ವವೋ, ಗಾಳಿಯೋ, ಯಾವುದೂ ಅಲ್ಲವೋ? ಕೊನೆಗೆ ಎಣ್ಣೆ ಸವರಿದ ಕಾಗದ, ಎರಡು ದಾರದ ಕೀಲು, ಒಂದು ಟಾರ್ಚು, ಹಳೆಯ ಬಿಳಿ ಪಂಚೆ ಇವಿಷ್ಟರಿಂದ ಗೊಂಬೆಯೊಂದನ್ನು ಮಕ್ಕಳೇ ಮಾಡಿ ಆಡಿಸಲಿ. ಎಣ್ಣೆ ಸವರದ ಕಾಗದಕ್ಕೂ ಸವರಿದ್ದಕ್ಕೂ ಪರದೆಯ ಮೇಲೆ ಏನು ವ್ಯತ್ಯಾಸ ಕಂಡಿತು, ಏಕೆ ಎಂಬುದನ್ನು ಅವರು ತಮ್ಮ ಮಾತಿನಲ್ಲೇ ಬರೆಯಲಿ.