ದಾಳಕ್ಕೆಷ್ಟು, ಓದುಗನಿಗೆಷ್ಟು

ಸ್ಟೀವ್ ಜಾಕ್ಸನ್ ಮತ್ತು ಇಯಾನ್ ಲಿವಿಂಗ್‌ಸ್ಟನ್ ಸೇರಿ ಬರೆದ ‘ದಿ ವಾರ್‌ಲಾಕ್ ಆಫ್ ಫೈರ್‌ಟಾಪ್ ಮೌಂಟನ್’ 1982ರಲ್ಲಿ ಬ್ರಿಟನ್ನಿನ ಪಫಿನ್ ಪ್ರಕಾಶನದಿಂದ ಬಂತು. 400 ತುಣುಕುಗಳ ಈ ಪುಸ್ತಕಕ್ಕೆ ಓದುಗನೇ ನಾಯಕ. ಯಾವ ದಾರಿ ಹಿಡಿಯಬೇಕೆಂಬ ತೀರ್ಮಾನ ಅವನದು, ಕಾಳಗದ ಫಲ ದಾಳದ್ದು. ಇದನ್ನು ಬರೀ ಕಥೆಯೆಂದು ಅಳೆದರೆ ದಕ್ಕುವುದು ಕಡಿಮೆ: ಗುಹೆ, ಮಾಂತ್ರಿಕ, ನಿಧಿ. ರಸ್ ನಿಕಲ್ಸನ್ ಬರೆದ ಶಾಯಿಚಿತ್ರಗಳು ಗದ್ಯಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತವೆ ಎಂಬುದೂ ನಿಜ. ಆದರೆ ಆಟಪುಸ್ತಕಕ್ಕೆ ಹಾಕಬೇಕಾದ ಪ್ರಶ್ನೆ ಬೇರೆ: ದಾಳ ಕೈಕೊಟ್ಟಾಗ ತಿಳಿವಳಿಕೆ ಕೈಹಿಡಿಯುತ್ತದೆಯೇ?

ಲೆಕ್ಕ ಹಾಕಿ ನೋಡೋಣ. ನಾಯಕನ ಸ್ಕಿಲ್, ಅಂದರೆ ಕಾಳಗದ ಕುಶಲತೆ, ನಿರ್ಧಾರವಾಗುವುದು ಒಂದು ದಾಳಕ್ಕೆ 6 ಕೂಡಿಸಿ. ದುರದೃಷ್ಟವಂತನಿಗೆ 7 ಬರುತ್ತದೆ. ಮಾಂತ್ರಿಕ ಜಾಗೋರ್‌ನ ಸ್ಕಿಲ್ 11, ಸ್ಟ್ಯಾಮಿನಾ, ಅಂದರೆ ದೇಹಬಲ, 18. ಒಂದು ಪೆಟ್ಟಿಗೆ 2 ಅಂಕ ಹೋಗುವುದರಿಂದ ಅವನನ್ನು ಕೆಡವಲು ಒಂಬತ್ತು ಸುತ್ತು ಗೆಲ್ಲಬೇಕು. 7 ಇರುವವನು ನೂರು ಸುತ್ತಿನಲ್ಲಿ ಸರಾಸರಿ ಹತ್ತನ್ನೂ ಗೆಲ್ಲಲಾರ. ಕತ್ತಿಯನ್ನೇ ನಂಬಿದರೆ ಅವನ ಕಥೆ ಮುಗಿದಂತೆಯೇ. ಆದರೆ ಕಬ್ಬಿಣದ ಒಕ್ಕಣ್ಣನ ಪ್ರತಿಮೆಯಿಂದ ರತ್ನವನ್ನು ಕಿತ್ತು ತಂದವನು ಕತ್ತಿ ಎತ್ತದೆಯೇ ಜಾಗೋರ್‌ನನ್ನು ಮುಗಿಸಬಹುದು. ಬಡ ಅಂಕದವನಿಗೂ ಒಂದು ದಾರಿ ಉಂಟೆಂದು ಲೇಖಕರು ಮೊದಲೇ ಕೊಟ್ಟ ಮಾತು ಇಲ್ಲಿ ಉಳಿಯುತ್ತದೆ.

ಪುಟಕ್ಕೆ ಬೆರಳಿಟ್ಟು ಹಿಂದಿರುಗಿ ಮೋಸಮಾಡಿದರೆ ಈ ನಿಯಮಗಳಿಗೆ ಬೆಲೆಯೆಲ್ಲಿ ಎಂದು ಕೇಳುವವರಿದ್ದಾರೆ. ಉತ್ತರ ಕೊನೆಯ ನಿಧಿಪೆಟ್ಟಿಗೆಯಲ್ಲಿದೆ. ಮೂರು ಬೀಗದಕೈಗಳ ಮೇಲಿನ ಸಂಖ್ಯೆಗಳನ್ನು ಕೂಡಿಸಿ ಬಂದ ಸಂಖ್ಯೆಯ ತುಣುಕಿಗೆ ಹೋಗಬೇಕು. ಬೀಗದಕೈ ಸಿಗದವನಿಗೆ ಎಲ್ಲಿ ಬೆರಳಿಡಬೇಕೆಂದೇ ತಿಳಿಯದು. ಹಾಗಾದರೆ ಇದು ಬಾಯಿಪಾಠದ ಆಟವಲ್ಲವೇ? ಒಂದು ಮಟ್ಟಿಗೆ ಹೌದು, ಆದರೆ ಅದು ದೋಷವಲ್ಲ. ಸತ್ತು ಮತ್ತೆ ಹೊರಡುವುದೇ ಈ ಪ್ರಕಾರದ ಓದು, ಒಂದೊಂದು ಸಾವೂ ಏನನ್ನಾದರೂ ಕಲಿಸಿದರೆ ಸಾಕು. ನಡುವಿನ ಚಕ್ರವ್ಯೂಹ ಏನನ್ನೂ ಕಲಿಸದೆ ಅಲೆದಾಡಿಸುತ್ತದೆ; ಪುಸ್ತಕದ ನಿಜವಾದ ಸೋಲು ಅಲ್ಲಿದೆ. ಲಿವಿಂಗ್‌ಸ್ಟನ್ 1987ರಲ್ಲಿ ಬರೆದ ‘ಕ್ರಿಪ್ಟ್ ಆಫ್ ದ ಸಾರ್ಸರರ್’ ಇನ್ನೂ ಕೆಟ್ಟದ್ದು: ಬೇಕಾದ್ದನ್ನೆಲ್ಲ ಹುಡುಕಿ ತಂದವನೂ ಸ್ಕಿಲ್ 12ರ ಮಾಂತ್ರಿಕ ರಜಾಕ್ ಎದುರು ಸತತ ಎರಡು ಸುತ್ತು ಸೋತರೆ ಸಾಯುತ್ತಾನೆ. ಇದನ್ನು ಕಠಿಣ ಸವಾಲೆಂದು ಹೊಗಳುವವರ ಮಾತನ್ನು ಒಪ್ಪಲಾಗದು. ಅಷ್ಟು ದೂರ ನಡೆದು ಬಂದ ಓದುಗನ ಜಾಣತನಕ್ಕೆ ಅಲ್ಲಿ ಏನೂ ಕೆಲಸವಿಲ್ಲ.