ಕರಣೆ ಹಿಡಿದ ಅತಿಥಿಗಳೂ ಗಾಂದೊ ಶಾಲೆಯೂ

ಆಫ್ರಿಕಾದ ಹಳ್ಳಿಯೊಂದಕ್ಕೆ ಹೋಗಿ, ಒಂದೆರಡು ವಾರ ಶಾಲೆ ಕಟ್ಟುವ ಕೆಲಸ ಮಾಡಿ ಬರುವುದು ಯುರೋಪ್, ಅಮೆರಿಕದ ಎಷ್ಟೋ ವಿದ್ಯಾರ್ಥಿಗಳಿಗೆ ರಜೆ ಕಳೆಯುವ ಒಂದು ಬಗೆ. ಅವರ ಒಳ್ಳೆಯತನ ನಿಜ. ಅವರ ಗೋಡೆಯ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾಗದು. ಅಮೆರಿಕದ ಪಿಪ್ಪಾ ಬಿಡಲ್ 2014ರಲ್ಲಿ ಬರೆದ ಪ್ರಬಂಧ ಇದನ್ನೇ ಬಯಲು ಮಾಡಿತು. ಶಾಲಾ ದಿನಗಳಲ್ಲಿ ಆಕೆ ಮತ್ತು ಸಹಪಾಠಿಗಳು ಹಣ ಕೊಟ್ಟು ತಾಂಜಾನಿಯಾದ ಅನಾಥಾಲಯವೊಂದಕ್ಕೆ ಗ್ರಂಥಾಲಯ ಕಟ್ಟಲು ಹೋಗಿದ್ದರು. ಹಗಲು ಇವರು ಇಟ್ಟ ಸೊಟ್ಟ ಇಟ್ಟಿಗೆಗಳನ್ನು ಊರಿನ ಗಂಡಸರು ರಾತ್ರಿ ಕಿತ್ತು, ನೆಟ್ಟಗೆ ಜೋಡಿಸುತ್ತಿದ್ದರು. ಗಾರೆ ಕೆಲಸ ಬಲ್ಲ ಕೈಗಳು ಅಲ್ಲೇ ಇದ್ದವು ಎಂದಾಯಿತು.

ಬುರ್ಕಿನಾ ಫಾಸೊದ ಗಾಂದೊ ಹಳ್ಳಿಯ ಪ್ರಾಥಮಿಕ ಶಾಲೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1965ರಲ್ಲಿ ಅಲ್ಲಿ ಹುಟ್ಟಿದ ದಿಯೆಬೆದೊ ಫ್ರಾನ್ಸಿಸ್ ಕೆರೇ, ಊರಲ್ಲಿ ಶಾಲೆಯಿಲ್ಲದೆ ಎಳವೆಯಲ್ಲೇ ಮನೆ ಬಿಟ್ಟವರು. ಬಡಗಿ ಕೆಲಸ ಕಲಿಯಲು ಜರ್ಮನಿಗೆ ಹೋಗಿ, ಬರ್ಲಿನ್‌ನಲ್ಲಿ ವಾಸ್ತುಶಿಲ್ಪ ಓದುತ್ತಿದ್ದಾಗಲೇ ಊರಿನ ಶಾಲೆಗೆಂದು 1998ರಲ್ಲಿ ಸಂಘ ಕಟ್ಟಿ ಹಣ ಕೂಡಿಸಿದರು. ಶಾಲೆ 2001ರಲ್ಲಿ ಮುಗಿಯಿತು. ದುಡ್ಡು ಹೊರಗಿನದು, ದುಡಿಮೆ ಊರಿನದು: ಮಕ್ಕಳು ಕಲ್ಲು ತಂದರು, ಹೆಂಗಸರು ನೀರು ಹೊತ್ತರು, ತರಬೇತಿ ಪಡೆದವರು ಮಣ್ಣಿಗೆ ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆ ತಯಾರಿಸಿದರು.

ಮಳೆಗೆ ಕರಗುವ ಮಣ್ಣಿನಲ್ಲಿ ಶಾಲೆಯೇ ಎಂದು ಊರವರು ಮೊದಲು ಹಿಂಜರಿದದ್ದು ಸಹಜ. ಅದಕ್ಕೆ ಉತ್ತರ ವಿನ್ಯಾಸದಲ್ಲೇ ಇದೆ. ಅಗಲವಾಗಿ ಚಾಚಿದ ತಗಡಿನ ಸೂರು ಗೋಡೆಗಳನ್ನು ಮಳೆಯಿಂದ ಕಾಯುತ್ತದೆ. ತಗಡು ಕಾದರೂ ಕೆಳಗೆ ಕೂತವರಿಗೆ ಸೆಕೆ ತಟ್ಟುವುದಿಲ್ಲ, ಏಕೆಂದರೆ ಸೂರಿಗೂ ಇಟ್ಟಿಗೆಯ ಒಳಮಾಳಿಗೆಗೂ ನಡುವೆ ಗಾಳಿಯಾಡುತ್ತದೆ. ತರಗತಿಯ ಬಿಸಿಗಾಳಿ ಸಂದುಗಳಿಂದ ಮೇಲೇರಿ ಹೊರಹೋಗುತ್ತದೆ. ಕ್ರೇನ್ ಬಾರದ ಊರಾದ್ದರಿಂದ ಸೂರು ಹೊರುವ ಚೌಕಟ್ಟನ್ನು ಮಾಮೂಲಿ ಕಬ್ಬಿಣದ ಸರಳುಗಳಿಂದ, ಕೈಗರಗಸ ಮತ್ತು ಸಣ್ಣ ವೆಲ್ಡಿಂಗ್ ಯಂತ್ರದಿಂದ ಅಲ್ಲೇ ಮಾಡಿಕೊಂಡರು. ಕಲಿತ ಕಸುಬು ಮುಂದೆ ಶಿಕ್ಷಕರ ಮನೆಗಳಿಗೂ ಶಾಲೆಯ ವಿಸ್ತರಣೆಗೂ ಒದಗಿತು. 2004ರಲ್ಲಿ ಶಾಲೆಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. 2022ರಲ್ಲಿ ಕೆರೇ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್ ಆದರು.

ಆದರೂ ಗಾಂದೊವನ್ನು ಹಾಡಿ ಹೊಗಳುವಾಗ ಒಂದು ಮಾತು ಮರೆಯಬಾರದು. ತಲೆ ಮೇಲೆ ನೀರು ಹೊತ್ತ ಹೆಂಗಸರ ಚಿತ್ರ ನಮಗೆ ಚೆಂದ ಕಾಣುತ್ತದೆ. ಸರ್ಕಾರ ಕಟ್ಟಬೇಕಿದ್ದ ಶಾಲೆಗೆ ಬಡವರೇ ಯಾಕೆ ಬೆವರು ಸುರಿಸಬೇಕು ಎಂಬ ಪ್ರಶ್ನೆ ಆ ಚೆಂದದಲ್ಲಿ ಮರೆಯಾಗುತ್ತದೆ. ಬರ್ಲಿನ್‌ನಲ್ಲಿ ಓದಿದ ಮಗ ಎಲ್ಲ ಹಳ್ಳಿಗೂ ಇರುವುದಿಲ್ಲ. ಹಾಗಾಗಿ ಗಾಂದೊ ಎಲ್ಲೆಡೆ ನಕಲು ಮಾಡಬಹುದಾದ ಮಾದರಿಯಲ್ಲ.

ಅಲ್ಲಿಂದ ಕಲಿಯಬಹುದಾದದ್ದು ಕೆಲಸ ಹಂಚುವ ಕ್ರಮ. ನಕ್ಷೆ, ಲೆಕ್ಕಾಚಾರ, ಹಣ ಕೂಡಿಸುವುದು ಇವನ್ನು ಬಲ್ಲ ಹೊರಗಿನವರಿಗೆ ಮಾಡಲು ಬೇಕಾದಷ್ಟಿದೆ. ಇಟ್ಟಿಗೆ ಇಡಲು ಬಾರದವರ ಪ್ರಯಾಣದ ದುಡ್ಡು ಊರಿನ ಮೇಸ್ತ್ರಿಯ ಕೂಲಿಗೆ ಹೋದರೆ ಗೋಡೆ ಒಂದೇ ಸಲಕ್ಕೆ ನೆಟ್ಟಗಾಗುತ್ತದೆ. ಮುಂದೆ ಬಿರುಕು ಬಿಟ್ಟಾಗ ಮುಚ್ಚಲು ಬಲ್ಲವನೂ ಅದೇ ಊರಲ್ಲಿರುತ್ತಾನೆ.